ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು

1800ರಿಂದ 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯು ಮದರಾಸಿನ ಆಡಳಿತಕ್ಕೆ ಸೇರಿದ್ದಿತು. ಆದುದರಿಂದ ಮದರಾಸು ಶಾಸನಸಭೆಯ ಮೊದಲ ಮಹಿಳಾ ಸದಸ್ಯೆಯಾದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ನಮಗೂ ಹೊರಗಿನವರಲ್ಲ. ಹೆಂಗಸರು ಬಾಯಿಬಿಟ್ಟು ಹೇಳಲಾರದ ನೋವುಗಳನ್ನು ನಾಲ್ಕು ಜನರ ಮುಂದಿಟ್ಟು ಪರಿಹಾರ ಕೇಳಿದ್ದೇ ಅವರ ಬಾಳಿನ ಸಾರವೆನ್ನಬಹುದು.

ಅವರು 1886ನೆಯ ಇಸವಿ ಜುಲೈ 30ರಂದು ಪುದುಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು; ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಹುಡುಗಿಯೊಬ್ಬಳು ಹುಡುಗರ ಕಾಲೇಜಿಗೆ ಬರುವುದೇ ಎಂದು ಹಲವರು ವಿರೋಧಿಸಿದರು. ಮಹಾರಾಜರು ಅನುಮತಿಯಿತ್ತುದರಿಂದ ಅವರಿಗೆ ಪ್ರವೇಶ ದೊರೆಯಿತು. 1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿ, 1912ರಲ್ಲಿ ಪದವಿ ಪಡೆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ವಿವಾಹವಾದರು. ಮುಂದೆ ಸ್ತ್ರೀಯರ ಮತ್ತು ಮಕ್ಕಳ ರೋಗಗಳ ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೂ ಹೋಗಿ ಬಂದರು.

ಹಿಂದಿರುಗಿದ ಬಳಿಕ ಶಾಸನಸಭೆಗೆ ನಾಮಕರಣಗೊಂಡು, ಅದರ ಉಪಾಧ್ಯಕ್ಷರೂ ಆದರು. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಿಲ್ಲಿಸಲು ಅವರು ಅಲ್ಲಿ ಹೋರಾಡಿದರು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಸ್ಥಾನವನ್ನು ತೊರೆದರು. ಅವರ ಯತ್ನವು ಕಾನೂನಾಗಿ ಫಲಿಸಿದ್ದು 1947ರಲ್ಲಿ. ಬಸವಿ ಬಿಡುವ ಪದ್ಧತಿಯಿದ್ದ ನಮ್ಮ ಬಳ್ಳಾರಿ ಸೀಮೆಯೂ ಆಗ ಮದರಾಸು ಪ್ರಾಂತದೊಳಗೇ ಇದ್ದಿತು.

ಅವರ ತಂಗಿಯೊಬ್ಬರು ಎಳೆಯ ವಯಸ್ಸಿನಲ್ಲೇ ಕ್ಯಾನ್ಸರಿಗೆ ತುತ್ತಾದರು. ವೈದ್ಯೆಯಾಗಿದ್ದೂ ತಂಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ದುಃಖವೇ ಅವರ ಸಂಕಲ್ಪವಾಯಿತು. 1935ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಶತಮಾನೋತ್ಸವದಲ್ಲಿ, ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆ ಬೇಕೆಂದು ಅವರು ಸಾರಿದರು. ಆ ರೋಗ ಬಂದವರು ಬದುಕುವುದಿಲ್ಲ, ಆಸ್ಪತ್ರೆ ಏತಕ್ಕೆ ಎಂಬ ಭಾವನೆ ಬಲ್ಲವರಲ್ಲಿಯೂ ಇದ್ದ ಕಾಲವದು. ಅವರು ಎದೆಗುಂದಲಿಲ್ಲ. ಭಾರತ ಮಹಿಳಾ ಸಂಘದ ಮೂಲಕ ನಿಧಿ ಕೂಡಿಸಿದರು. 1952ರಲ್ಲಿ ಪಂಡಿತ ನೆಹರೂ ಅವರು ಅಡಯಾರಿನಲ್ಲಿ ಅಡಿಗಲ್ಲನ್ನಿಟ್ಟರು. 1954ರಲ್ಲಿ ಹನ್ನೆರಡು ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಅಡಿಗಲ್ಲನ್ನಿಟ್ಟಾಗ ಬಳ್ಳಾರಿ ಮದರಾಸಿನದು, ಬಾಗಿಲು ತೆರೆದಾಗ ಮೈಸೂರಿನದು. ಆದರೆ ರೋಗಕ್ಕೆ ರಾಜ್ಯದ ಗಡಿಯುಂಟೆ? ಪುತ್ರ ಡಾ. ಕೃಷ್ಣಮೂರ್ತಿ ಹಾಗೂ ಡಾ. ವಿ. ಶಾಂತಾ ಅವರ ದುಡಿಮೆಯಿಂದ ಆ ಸಂಸ್ಥೆಯು ದೇಶದಲ್ಲೇ ಹೆಸರಾಯಿತು. 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. 1968ರ ಜುಲೈ 22ರಂದು ಅವರು ಕಾಲವಾದರು.

ಅವರ ಜೀವನಚರಿತ್ರೆಯನ್ನು ನಾವಿಂದು ಓದಬೇಕಾದ ಕಾರಣವು ನಮ್ಮ ಕಣ್ಣೆದುರಿಗೇ ಇದೆ. ಬಳ್ಳಾರಿಯ ಸುತ್ತ ಮೆದುಕಬ್ಬಿಣದ ಕಾರ್ಖಾನೆಗಳ ಹೊಗೆಯಿದೆ, ಅದಿರಿನ ಲಾರಿಗಳ ಧೂಳಿದೆ. ಸಿರುಗುಪ್ಪ, ಕುರುಗೋಡುಗಳ ಹಳ್ಳಿಯ ತಾಯಂದಿರಿಗೆ ಸೌದೆಯ ಒಲೆಯ ಹೊಗೆ ಹೊಸದಲ್ಲ. ಹೊರಗಿನ ಗಾಳಿಯ ಮಾಲಿನ್ಯವು ಕ್ಯಾನ್ಸರಿಗೆ, ವಿಶೇಷವಾಗಿ ಶ್ವಾಸಕೋಶದ ಕ್ಯಾನ್ಸರಿಗೆ, ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು 2013ರಲ್ಲಿಯೇ ನಿರ್ಣಯಿಸಿತು. ಸೂಕ್ಷ್ಮ ಧೂಳು ಹೆಚ್ಚಿರುವೆಡೆ ಬಹುಕಾಲ ಬಾಳಿದ ಹೆಂಗಸರಲ್ಲಿ ಸ್ತನದ ಕ್ಯಾನ್ಸರು ಕೊಂಚ ಹೆಚ್ಚೆಂದು 2023ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳಿಂದ ಹೊರಬಂದ ದೊಡ್ಡ ಅಧ್ಯಯನಗಳು ತೋರಿಸಿವೆ. ಧೂಳೇ ಅದಕ್ಕೆ ಕಾರಣವೆಂಬುದು ಇನ್ನೂ ಸಂಪೂರ್ಣ ಸಿದ್ಧವಾಗಿಲ್ಲ. ಆದರೆ ಎಚ್ಚರ ವಹಿಸಲು ಇಷ್ಟೇ ಸಾಲದೆ?

ಗಾಳಿಯನ್ನು ಶುದ್ಧವಾಗಿಡುವುದು ಸರ್ಕಾರದ ಮತ್ತು ಕಾರ್ಖಾನೆಯವರ ಹೊಣೆ. ಸ್ತನದಲ್ಲಿ ನೋವಿಲ್ಲದ ಗಂಟು ಕಂಡಾಗ ನಾಚದೆ ಹೇಳಬೇಕೆಂಬ ಅರಿವನ್ನು ಮನೆಗೆ ಒಯ್ಯುವುದು ನಮ್ಮ ಹೊಣೆ. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. ಬೇಗ ಗುರುತಿಸಿದರೆ ಗುಣವಾಗುವ ಸಂಭವವು ಬಹಳ ಹೆಚ್ಚು. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ನಮ್ಮ ಊರಿನಲ್ಲಿಯೇ ಇದೆ. ನಮ್ಮಲ್ಲನೇಕರು ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಅವ್ವಂದಿರಿಗೂ ಅಕ್ಕಂದಿರಿಗೂ ಈ ಮಾತನ್ನು ತಿಳಿಸಲು ನಮಗಿಂತ ಹತ್ತಿರದವರು ಯಾರಿದ್ದಾರೆ? ತಂಗಿಯ ಸಾವನ್ನು ಮನೆಯ ದುಃಖವಾಗಿ ಮುಚ್ಚಿಡದೆ ನಾಡಿನ ಕಾರ್ಯವನ್ನಾಗಿ ಮಾಡಿದ ಆ ತಾಯಿಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.