ಪ್ರೊ. ಎಂ.ವಿ. ಗೋಪಾಲಸ್ವಾಮಿ

ಗೋಪಾಲಸ್ವಾಮಿ ಎಂದೊಡನೆ ನೆನಪಾಗುವುದು ಬಾನುಲಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಅವರು ಆಕಾಶವಾಣಿ ಪ್ರಸಾರ ಆರಂಭಿಸಿದರು. ಅಭ್ಯಾಸ ಬೋಧನೆಗೆ ಹೊರಟ ಪ್ರಶಿಕ್ಷಣಾರ್ಥಿಗಳಿಗೆ ಅವರ ಇನ್ನೊಂದು ಕೆಲಸ ಹೆಚ್ಚು ಬೇಕಾದದ್ದು. ಬಾನುಲಿಯ ಕೀರ್ತಿ ಅದನ್ನು ಮರೆಸಿಬಿಟ್ಟಿದೆ.

ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಬುದ್ಧಿಮಾಪನ ಕಲಿತು ಬಂದ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಿದರು. ದೇಶದಲ್ಲಿ ಅದಕ್ಕೂ ಮೊದಲು ಕಲ್ಕತ್ತೆಯಲ್ಲಿ ಇಂಥ ವಿಭಾಗವಿತ್ತು. ಮೈಸೂರಿನಲ್ಲಿ ಪ್ರಾಣಿಗಳ ವರ್ತನೆಯ ಅಧ್ಯಯನಕ್ಕೂ ಪ್ರಯೋಗಾಲಯ ತೆರೆದರು. ಪಾಶ್ಚಾತ್ಯ ಬುದ್ಧಿಶಕ್ತಿ ಪರೀಕ್ಷೆಗಳನ್ನು ಇದ್ದಂತೆಯೇ ಬಳಸದೆ ಭಾರತೀಯರಿಗೆ ಹೊಂದುವಂತೆ ಮಾರ್ಪಡಿಸಿದರು.

ಈ ಮಾರ್ಪಾಡಿನ ಬೆಲೆ ನಮ್ಮ ಯಾದಗಿರಿ ಕಡೆಯ ಶಾಲೆಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಶಹಾಪುರ, ಸುರಪುರದ ಹಳ್ಳಿಗಳಿಂದ ತಂದೆತಾಯಿಯೊಡನೆ ಗುಳೆ ಹೋದ ಮಗು ತಿಂಗಳುಗಟ್ಟಲೆ ಶಾಲೆಯಿಂದ ದೂರ ಉಳಿದು ಮರಳುತ್ತದೆ. ಎರಡು ಪ್ರಶ್ನೆಗೆ ಉತ್ತರ ಬಾರದಿದ್ದರೆ ಮಂದಬುದ್ಧಿ ಎಂದು ನಿರ್ಧರಿಸಿಬಿಡುವುದು ಸುಲಭ. ಆ ನಿರ್ಧಾರ ಮಗುವನ್ನು ಕೊನೆಯ ಸಾಲಿನಲ್ಲಿ ಕೂರಿಸುತ್ತದೆ, ಮುಂದಿನ ವರ್ಷ ಶಾಲೆಯನ್ನೇ ಬಿಡಿಸಲೂಬಹುದು. ಮಗು ಎಂದೂ ಕಾಣದ ವಸ್ತುವಿನ ಬಗ್ಗೆ ಕೇಳಿದ ಪ್ರಶ್ನೆಯಿಂದ ಬುದ್ಧಿ ತಿಳಿಯದು. ಪರೀಕ್ಷೆಯನ್ನು ಇಲ್ಲಿಗೆ ಹೊಂದಿಸಬೇಕೆಂಬ ಕೆಲಸಕ್ಕೆ ಗೋಪಾಲಸ್ವಾಮಿಯವರು ಕೈ ಹಾಕಿದ್ದು ಇದಕ್ಕಾಗಿಯೇ ಮುಖ್ಯವೆನಿಸುತ್ತದೆ.

ಅವರು ಕಟ್ಟಿದ ವಿಭಾಗ ಇಂದು ಮಾನಸಗಂಗೋತ್ರಿಯಲ್ಲಿದೆ.