ಓಣಿ ಓಣಿ ನಡೆದು ನೋಡಿದ ಗೆಡ್ಡಿಸ್

ತುಮಕೂರಿನ ಮಂಡಿಪೇಟೆಗೆ ಸಾಮಾನು ತರಲು ಹೋದಾಗ ಅಂಗಡಿ ಸಾಲಿನ ಹಿಂದಿನ ಓಣಿಗಳಲ್ಲಿ ಎಂದಾದರೂ ನಡೆದಿದ್ದೀರಾ? ಪಟ್ಟಣದ ಬಡತನ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಒಂದು ಬೀದಿಗೆ ನೀರು, ಬೆಳಕು ಎಲ್ಲವೂ ಇರುತ್ತದೆ. ಅದರ ಬೆನ್ನಿಗೇ ಇರುವ ಓಣಿಗೆ ಚರಂಡಿಯೂ ಇರುವುದಿಲ್ಲ. ಗುಬ್ಬಿ, ಕುಣಿಗಲ್‌ನಂಥ ಸಣ್ಣ ಊರುಗಳಿಗೂ ಈ ಮಾತು ಸಲ್ಲುತ್ತದೆ. ಹೀಗೇಕೆ ಎಂದು ಕೇಳುತ್ತಾ ಊರೂರಿನ ಓಣಿಗಳನ್ನು ಸುತ್ತಿದವರು ಪ್ಯಾಟ್ರಿಕ್ ಗೆಡ್ಡಿಸ್.

1854ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವರು ಜೀವವಿಜ್ಞಾನಿ. 1879ರಲ್ಲಿ ಮೆಕ್ಸಿಕೋದಲ್ಲಿದ್ದಾಗ ಕಣ್ಣು ಮಂಜಾಗಿ, ಹಲವು ವಾರ ಕತ್ತಲೆ ಕೋಣೆಯಲ್ಲಿ ಕಳೆಯಬೇಕಾಯಿತು. ದೃಷ್ಟಿ ಮರಳಿದರೂ ಸೂಕ್ಷ್ಮದರ್ಶಕದ ಕೆಲಸ ಕಷ್ಟವಾಯಿತು. ಅವರ ಗಮನ ಗಿಡಮರಗಳಿಂದ ಜನರ ಬದುಕಿನತ್ತ ಹೊರಳಿತು. 1886ರಲ್ಲಿ ಅನ್ನಾ ಮಾರ್ಟನ್‌ರನ್ನು ಮದುವೆಯಾದ ಮೇಲೆ, ದಂಪತಿಗಳು ಎಡಿನ್‌ಬರೋದ ಕೊಳಕು ಕೇರಿಯೊಂದರಲ್ಲೇ ಮನೆ ಮಾಡಿದರು. ನೆರೆಯವರೊಡನೆ ಸೇರಿ ಗೋಡೆಗಳಿಗೆ ಸುಣ್ಣ ಬಳಿದರು, ಖಾಲಿ ಜಾಗಗಳಲ್ಲಿ ಗಿಡ ನೆಟ್ಟರು. ಬಡವರ ಬಗ್ಗೆ ದೂರದಿಂದ ಬರೆಯುವವರು ಆಗಲೂ ಬಹಳ ಮಂದಿ ಇದ್ದರು!

ಅದೇ ಕಾಲದಲ್ಲಿ ಲಂಡನ್ನಿನ ಚಾರ್ಲ್ಸ್ ಬೂತ್ ಬೀದಿಬೀದಿಯ ಬಡತನಕ್ಕೆ ಬಣ್ಣ ಹಚ್ಚಿ ನಕಾಶೆ ಮಾಡಿಸಿದರು. ಕಡು ಬಡವರ ಓಣಿಗೆ ಕಪ್ಪು, ಸಿರಿವಂತರ ಬೀದಿಗೆ ಹಳದಿ. ಬೂತ್ ಬಡತನ ಎಲ್ಲಿದೆ ಎಂದು ತೋರಿಸಿದರೆ, ಗೆಡ್ಡಿಸ್ ಅದು ಅಲ್ಲಿ ಏಕಿದೆ ಎಂದು ಹುಡುಕಿದರು.

1914ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಅವರು ಭಾರತಕ್ಕೆ ಬಂದರು. ಅವರ ನಕಾಶೆ, ಚಿತ್ರಗಳನ್ನು ಹೊತ್ತ ಹಡಗನ್ನು ಜರ್ಮನ್ನರ ಎಮ್‌ಡೆನ್ ನೌಕೆ ಮುಳುಗಿಸಿತು. ಎದೆಗುಂದದೆ ಮತ್ತೆ ಸಂಗ್ರಹಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು. ಆ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದರು. ಆಗ ಮದರಾಸಿಗೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲೊಂದು.

ಅವರ ಕ್ರಮ ಸರಳ. ಮೊದಲು ನಡೆದು ನೋಡುವುದು: ಬಾವಿ ಎಲ್ಲಿದೆ, ಯಾವ ಮನೆ ಬಿದ್ದಿದೆ, ಯಾವ ಕಸುಬಿನವರು ಎಲ್ಲಿದ್ದಾರೆ, ನೆರಳೆಲ್ಲಿದೆ. ವೈದ್ಯನು ರೋಗವನ್ನು ಅರಿಯದೆ ಮದ್ದು ಕೊಡಬಾರದಲ್ಲವೇ? ಆಗಿನ ಎಂಜಿನಿಯರರು ಮೇಜಿನ ಮೇಲೆ ಗೆರೆ ಎಳೆದು, ಕೇರಿಗಳನ್ನು ಕೆಡವಿ ಅಗಲವಾದ ರಸ್ತೆ ಮಾಡಬೇಕೆನ್ನುತ್ತಿದ್ದರು. ಮನೆ ಕಳೆದುಕೊಂಡವರು ಪಕ್ಕದ ಓಣಿಗೆ ನುಗ್ಗುತ್ತಾರೆ, ಅಲ್ಲಿ ಇಕ್ಕಟ್ಟು ಹೆಚ್ಚಿ ರೋಗ ಹರಡುತ್ತದೆ ಎಂದು ಗೆಡ್ಡಿಸ್ ತೋರಿಸಿಕೊಟ್ಟರು. ತೀರಾ ಶಿಥಿಲವಾದ ಕೆಲವೇ ಮನೆ ತೆಗೆದು, ಸಿಕ್ಕ ಜಾಗದಲ್ಲಿ ಮರ ನೆಟ್ಟರೆ ಗಾಳಿಯೂ ಬರುತ್ತದೆ, ಖರ್ಚೂ ಕಡಿಮೆ. ಸೊಳ್ಳೆಗೆ ಹೆದರಿ ಕೆರೆ ಮುಚ್ಚುವುದನ್ನೂ ಅವರು ವಿರೋಧಿಸಿದರು; ಮೀನು, ಬಾತುಕೋಳಿ ಬಿಡಿ ಎಂಬುದು ಅವರ ಸಲಹೆ. ಕೆರೆಗಳ ಜಿಲ್ಲೆಯವರಾದ ನಾವು ಇದನ್ನು ಆಗಲೇ ಕೇಳಬೇಕಿತ್ತು.

1917 ಅವರಿಗೆ ಕಹಿ ವರ್ಷ. ಮಗ ಅಲಸ್ಡೇರ್ ಯುದ್ಧದಲ್ಲಿ ಮಡಿದನು. ಕಾಯಿಲೆ ಬಿದ್ದಿದ್ದ ಮಡದಿಗೆ ಆ ಸುದ್ದಿಯನ್ನು ತಿಳಿಸದೆ ನುಂಗಿಕೊಂಡರು. ಕೆಲವೇ ವಾರಗಳಲ್ಲಿ ಆಕೆಯೂ ಕಲ್ಕತ್ತದಲ್ಲಿ ತೀರಿಕೊಂಡರು.

ಆದರೂ ಕೆಲಸ ನಿಲ್ಲಲಿಲ್ಲ. ಪ್ಲೇಗಿನಿಂದ ನರಳುತ್ತಿದ್ದ ಇಂದೋರಿನಲ್ಲಿ ಅವರು ದೀಪಾವಳಿಯ ಮೆರವಣಿಗೆ ಏರ್ಪಡಿಸಿದರು. ಎಂದಿನ ರಾಜಬೀದಿಯಲ್ಲ, ಹೆಚ್ಚು ಶುಚಿಯಾದ ಬೀದಿಯಲ್ಲಿ ಮೆರವಣಿಗೆ ಸಾಗುವುದೆಂದು ಮೊದಲೇ ಸಾರಿಸಿದರು. ಊರೆಲ್ಲ ಕಸ ಹೊರಹಾಕಿತು. ಪ್ಲೇಗು ತರುವ ಇಲಿಯ ದೊಡ್ಡ ಬೊಂಬೆಯೂ ಮೆರವಣಿಗೆಯಲ್ಲಿತ್ತು. ಎಲ್ಲರೂ ದೂರವಿಟ್ಟಿದ್ದ ಜಾಡಮಾಲಿಗಳು ಬಿಳಿ ಬಟ್ಟೆ ತೊಟ್ಟು, ಹೂಮಾಲೆ ಧರಿಸಿ, ಆ ದಿನ ಗೌರವದಿಂದ ನಡೆದರು.

ಮುಂದೆ ಗೆಡ್ಡಿಸ್ 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಕಲಿಸಿದರು. 1932ರ ಏಪ್ರಿಲ್ 17ರಂದು ಫ್ರಾನ್ಸಿನ ಮೋಂಪೆಲ್ಯೆಯಲ್ಲಿ ನಿಧನರಾದರು.