*ಇಂದಿನ ಚಿಂತನೆ: ಬಾಬಾಸಾಹೇಬರ ಓದು, ಬಾಬಾಸಾಹೇಬರ ದೇಹ*



ಕಳೆದ ವರ್ಷ ನಾನು ಪಾಠ ಮಾಡುವ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ತಲೆಸುತ್ತಿ ಬಿದ್ದಳು. ನೀರು ಕುಡಿಸಿ ವಿಚಾರಿಸಿದೆ. ಎರಡು ವಾರದಿಂದ ರಾತ್ರಿ ಮೂರು ಗಂಟೆಯಷ್ಟೇ ನಿದ್ದೆ, ಬೆಳಿಗ್ಗೆ ತಿಂಡಿಯೂ ಇಲ್ಲ. ಯಾಕಮ್ಮ ಎಂದರೆ, ನೀವೇ ಹೇಳಿದ್ದಲ್ಲವಾ ಸರ್ ಎನ್ನುವಂತೆ ನನ್ನ ಮುಖ ನೋಡಿದಳು. ಬಾಬಾಸಾಹೇಬರು ನಿದ್ದೆಗೆಟ್ಟು ಓದಿದರು, ಅರೆಹೊಟ್ಟೆಯಲ್ಲಿದ್ದು ಲಂಡನ್ನಿನಲ್ಲಿ ಪದವಿ ಪಡೆದರು ಎಂದು ಪ್ರತಿ ಏಪ್ರಿಲ್ 14ರಂದು ಭಾಷಣ ಮಾಡುತ್ತಿದ್ದವನು ನಾನೇ. ಆ ಮಗು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಅಂದು ಮನೆಗೆ ಬಂದು ಬಾಬಾಸಾಹೇಬರ ಜೀವನವನ್ನು ಮತ್ತೆ ಮೊದಲಿನಿಂದ ಓದಲು ಕುಳಿತೆ.

ಮುಂಬೈಯ ಪರೇಲ್‌ನಲ್ಲಿ ಚಾಳಿನ ಒಂದು ಕೋಣೆ. ಅಡುಗೆ, ಸೌದೆ, ಬೀಸುವ ಕಲ್ಲು, ಕಟ್ಟಿಹಾಕಿದ ಮೇಕೆ, ಇಡೀ ಸಂಸಾರ ಎಲ್ಲವೂ ಅಲ್ಲೇ. ಬಾಲಕ ಭೀಮನಿಗೆ ಓದಲು ಜಾಗವಿಲ್ಲ, ಸದ್ದಿಲ್ಲದ ಹೊತ್ತೂ ಇಲ್ಲ. ತಂದೆ ಸುಬೇದಾರ್ ರಾಮ್‌ಜಿ ಅವರು ಒಂದು ಉಪಾಯ ಹುಡುಕಿದರು. ಮಗ ಬೇಗ ಮಲಗಬೇಕು. ತಾವು ರಾತ್ರಿ 2 ಗಂಟೆಯವರೆಗೆ ಎಚ್ಚರವಿದ್ದು, ಅವನನ್ನು ಓದಲು ಎಬ್ಬಿಸಿ, ಆಮೇಲೆ ತಾವು ಮಲಗಬೇಕು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಹುಡುಗ ಬೆಳಗಿನವರೆಗೆ ಓದುತ್ತಿದ್ದ. 1907ರಲ್ಲಿ ಮೆಟ್ರಿಕ್ ಪಾಸಾದ.

ಈ ಪ್ರಸಂಗವನ್ನು ನಾನು ತರಗತಿಯಲ್ಲಿ ನೂರಾರು ಸಲ ಹೇಳಿದ್ದೇನೆ. ಪ್ರತಿ ಸಲವೂ 2 ಗಂಟೆಗೆ ಎದ್ದದ್ದನ್ನು ಹೇಳಿದೆ, ಬೇಗ ಮಲಗಿಸಿದ್ದನ್ನು ಹೇಳಲಿಲ್ಲ. ಆ ಹಳೆಯ ಸೈನಿಕ ಮೊದಲು ಮಗನ ನಿದ್ದೆಗೆ ವ್ಯವಸ್ಥೆ ಮಾಡಿ, ನಂತರ ಓದಿಗೆ ಹೊತ್ತು ಗೊತ್ತುಮಾಡಿದ್ದರು.

1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯ. 1915ರಲ್ಲಿ ಎಂ.ಎ. ಮುಂದೆ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಹಣ ಕೂಡಿಟ್ಟು 1920ರಲ್ಲಿ ಮತ್ತೆ ಲಂಡನ್. ಬ್ರಿಟಿಷ್ ಮ್ಯೂಸಿಯಮ್ಮಿನ ಓದುವ ಕೋಣೆಗೆ ಬೆಳಿಗ್ಗೆ ಹೋದರೆ ಸಂಜೆ ಮುಚ್ಚುವವರೆಗೂ ಅಲ್ಲೇ. ದಿನವೂ ಅದೇ ಹೊತ್ತು, ಅದೇ ಟಿಪ್ಪಣಿ ಬರೆಯುವ ಕೆಲಸ. 1923ರಲ್ಲಿ ಡಿ.ಎಸ್‌ಸಿ. ಜೊತೆಗೆ ಬ್ಯಾರಿಸ್ಟರ್ ಪದವಿ. ಆ ಓದು ಬರೀ ನೌಕರಿಗಾಗಿ ಇರಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ್ದು ಅದೇ ಓದಿನ ಬಲ. 1947ರಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಕುಳಿತದ್ದೂ ಅದೇ ಬಲ.

ಆದರೆ ಲಂಡನ್ನಿನ ಹಸಿವು? ಅದು ವ್ರತವಲ್ಲ, ಸಾಧನೆಯ ದಾರಿಯೂ ಅಲ್ಲ. ಕೈಯಲ್ಲಿ ಹಣವಿರಲಿಲ್ಲ, ಅಷ್ಟೇ. ಒಬ್ಬ ಪ್ರತಿಭಾವಂತ ಅರೆಹೊಟ್ಟೆಯಲ್ಲಿ ಓದಬೇಕಾಗಿ ಬಂದದ್ದು ಅನ್ಯಾಯ. ಆ ಅನ್ಯಾಯವನ್ನೇ ನಾನು ಮಕ್ಕಳಿಗೆ ಆದರ್ಶವೆಂದು ಹೇಳಿಕೊಡುತ್ತಿದ್ದೆ.

ದೇಹ ಆ ಲೆಕ್ಕವನ್ನು ಮರೆಯಲಿಲ್ಲ. ಸಂವಿಧಾನದ ಕೆಲಸ ನಡೆಯುತ್ತಿದ್ದಾಗಲೇ ಸಕ್ಕರೆ ಕಾಯಿಲೆ, ಕಾಲಿನ ನರಗಳ ನೋವು, ನಿದ್ದೆಯಿಲ್ಲದ ರಾತ್ರಿಗಳು. ಇನ್ಸುಲಿನ್ ಬೇಕಾಗಿತ್ತು. 1948ರಲ್ಲಿ ಮದುವೆಯಾದ ಡಾ. ಸವಿತಾ ಅವರು ಪಥ್ಯ, ಔಷಧಿ ನೋಡಿಕೊಂಡರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಊರುಗೋಲಿನ ಆಸರೆಯಲ್ಲಿ ನಿಂತು ಲಕ್ಷಾಂತರ ಜನರಿಗೆ ಧಮ್ಮ ದೀಕ್ಷೆ ಕೊಟ್ಟರು. ಡಿಸೆಂಬರ್ 5ರ ರಾತ್ರಿ ತಮ್ಮ ಪುಸ್ತಕದ ಮುನ್ನುಡಿಯ ಹಾಳೆಗಳನ್ನು ತರಿಸಿಕೊಂಡರು. ಮರುದಿನ ಬೆಳಿಗ್ಗೆ ಏಳಲಿಲ್ಲ. ವಯಸ್ಸು 65. ದೀಕ್ಷೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಪುಸ್ತಕ ಅಚ್ಚಾಗಿ ಬಂದದ್ದು 1957ರಲ್ಲಿ. ಇನ್ನು ಹತ್ತು ವರ್ಷ ಅವರು ಇದ್ದಿದ್ದರೆ ಎಂದು ಯೋಚಿಸದವರು ನಮ್ಮಲ್ಲಿ ಯಾರಿದ್ದಾರೆ?

ಆ ಪುಸ್ತಕವೇ ನಾವು ವಂದನೆಯ ನಂತರ ಓದುವ "ಬುದ್ಧ ಮತ್ತು ಆತನ ಧಮ್ಮ". ಅದರಲ್ಲಿ ಗೌತಮರು ದೇಹ ದಂಡನೆಯನ್ನು ಬಿಟ್ಟು ಸುಜಾತೆ ತಂದ ಆಹಾರ ಸ್ವೀಕರಿಸುವ ಭಾಗವಿದೆ. ಮುಂದೆ ಧ್ಯಾನಕ್ಕೆ ಕೂರುವ ಮೊದಲು ಅವರು 40 ದಿನಕ್ಕೆ ಸಾಕಾಗುವಷ್ಟು ಆಹಾರ ಕೂಡಿಟ್ಟುಕೊಂಡರೆಂದು ಬಾಬಾಸಾಹೇಬರು ಬರೆದಿದ್ದಾರೆ. ಇಷ್ಟು ವರ್ಷ ಈ ಮಾತನ್ನು ನಾನು ಗಮನಿಸಿಯೇ ಇರಲಿಲ್ಲ. ಬೋಧಿಯಂಥ ದೊಡ್ಡ ಕೆಲಸಕ್ಕೂ ಮೊದಲು ಊಟದ ಏರ್ಪಾಡು! ತಾವು ಹಸಿದು ಓದಿದವರು, ಕಾಯಿಲೆಯ ದೇಹದಲ್ಲಿ ಕುಳಿತು ನಮಗಾಗಿ ಇದನ್ನು ಬರೆದಿಟ್ಟರು. ಬುದ್ಧರು ಭಿಕ್ಖುಗಳಿಗೆ ಚಂಕಮಣದ, ಅಂದರೆ ನಡಿಗೆಯ, ಐದು ಪ್ರಯೋಜನಗಳನ್ನು ಹೇಳಿದ್ದಾರೆ. ಆರೋಗ್ಯ ಮತ್ತು ಊಟ ಅರಗುವುದು ಅವುಗಳಲ್ಲಿ ಸೇರಿವೆ. ನಡಿಗೆಯಿಂದ ಪಡೆದ ಏಕಾಗ್ರತೆ ಬಹಳ ಕಾಲ ನಿಲ್ಲುತ್ತದೆ ಎಂಬುದೂ ಅಲ್ಲಿದೆ.

ಆ ಹುಡುಗಿಯ ಜೊತೆ ಕುಳಿತು ಹೊಸ ವೇಳಾಪಟ್ಟಿ ಬರೆದೆವು. ರಾತ್ರಿ 10ಕ್ಕೆ ಮಲಗುವುದು, ಬೆಳಿಗ್ಗೆ 5ಕ್ಕೆ ಏಳುವುದು, ತಿಂಡಿ ತಪ್ಪಿಸುವಂತಿಲ್ಲ. ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ. ಎರಡು ವರ್ಷದಿಂದ ಮುಂದೂಡುತ್ತಿದ್ದ ನನ್ನ ಸಕ್ಕರೆ ಪರೀಕ್ಷೆಯನ್ನೂ ಆ ವಾರವೇ ಮಾಡಿಸಿದೆ. ಫಲಿತಾಂಶ ಅಷ್ಟೇನೂ ಚೆನ್ನಾಗಿರಲಿಲ್ಲ. ಈಗ ದಿನವೂ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನೆ, ಬಂದು ಒಂದು ಗಂಟೆ ಓದುತ್ತೇನೆ. ಸಣ್ಣದು, ಆದರೆ ತಪ್ಪಿಸುವುದಿಲ್ಲ.

ಬಂಧುಗಳೇ, ಇಂದು ರಾತ್ರಿ ನಿಮ್ಮ ಮನೆಯಲ್ಲಿ ಓದುವ ಮಗುವಿದ್ದರೆ, ರಾಮ್‌ಜಿ ಬಾಬಾ ಮಾಡಿದಂತೆ ಮೊದಲು ಅದನ್ನು ಬೇಗ ಮಲಗಿಸಿ. ಬೆಳಿಗ್ಗೆ ಎಬ್ಬಿಸುವ ಹೊಣೆ ನಿಮ್ಮದಾಗಿರಲಿ. ಬಾಬಾಸಾಹೇಬರ ರಥವನ್ನು ಮುಂದೆ ಎಳೆಯಬೇಕಾದ ಕೈಗಳು ಗಟ್ಟಿಯಾಗಿರಬೇಕು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.